ಹವ್ಯಾಸಿಗಳ ಪಾಯಿಂಟ್ ಅಂಡ್ ಕ್ಲಿಕ್ ಆಟ ಆಡಿ ಅನಿಸಿಕೆ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೋ ಒಬ್ಬರು ಹಗಲು ತಮ್ಮ ಕೆಲಸ ಮುಗಿಸಿ, ರಾತ್ರಿ ಕೂತು, ತಿಂಗಳುಗಟ್ಟಲೆ ಒಂದು ಆಟ ಕಟ್ಟುತ್ತಾರೆ. ಆಮೇಲೆ ಅದನ್ನು ಪುಕ್ಕಟೆಯಾಗಿ ಜಗತ್ತಿಗೆ ಕೊಡುತ್ತಾರೆ. ಇಳಿಸಿಕೊಂಡು ಆಡುವವರು ಎಷ್ಟೋ ಜನ ಇರುತ್ತಾರೆ, ತಿರುಗಿ ಒಂದು ಮಾತು ಬರೆಯುವವರು ಕಡಿಮೆ. ಎಷ್ಟೋ ಜನಕ್ಕೆ ಬರೆಯುವ ಮನಸ್ಸಿರುತ್ತದೆ, ಏನು ಬರೆಯಬೇಕು ಅನ್ನುವುದು ಗೊತ್ತಿರುವುದಿಲ್ಲ. ಈ ಪುಟ ಅವರಿಗಾಗಿ.

ಪಾಯಿಂಟ್ ಅಂಡ್ ಕ್ಲಿಕ್ ಅಂದರೆ ಯಾವ ಥರದ ಆಟ?

ಪರದೆಯ ಮೇಲೆ ಒಂದು ಕೋಣೆಯೋ ಬೀದಿಯೋ ಕಾಣುತ್ತದೆ. ಮೌಸ್ ಇಟ್ಟು ಒತ್ತಿದ ಕಡೆ ನಿಮ್ಮ ಪಾತ್ರ ನಡೆದು ಹೋಗುತ್ತದೆ. ವಸ್ತುಗಳನ್ನು ನೋಡುತ್ತದೆ, ಎತ್ತಿಕೊಳ್ಳುತ್ತದೆ, ಜನರ ಜೊತೆ ಮಾತಾಡುತ್ತದೆ. ಎತ್ತಿಕೊಂಡದ್ದು ಚೀಲ ಸೇರುತ್ತದೆ. ಅದನ್ನು ಸರಿಯಾದ ಕಡೆ ಬಳಸಿದರೆ ಕಥೆ ಮುಂದೆ ಹೋಗುತ್ತದೆ. ಓಡುವುದು, ಗುಂಡು ಹಾರಿಸುವುದು ಕಡಿಮೆ. ಯೋಚನೆ ಜಾಸ್ತಿ. 1987ರ ಮೇನಿಯಾಕ್ ಮ್ಯಾನ್ಷನ್, 1990ರ ಮಂಕಿ ಐಲೆಂಡ್ ಈ ಜಾತಿಯ ಹಳೆಯ ಹೆಸರುಗಳು.

2000ದ ಹೊತ್ತಿಗೆ ದೊಡ್ಡ ಕಂಪನಿಗಳು ಈ ಆಟಗಳನ್ನು ಹೆಚ್ಚುಕಡಿಮೆ ಕೈಬಿಟ್ಟವು. ಕೈಬಿಡದವರು ಹವ್ಯಾಸಿಗಳು. ಕ್ರಿಸ್ ಜೋನ್ಸ್ 1997ರಲ್ಲಿ ಮೊದಲು ಬಿಟ್ಟ, ಇಂಥ ಆಟ ಕಟ್ಟುವ ಒಂದು ಪುಟ್ಟ ಸಾಫ್ಟ್‌ವೇರ್ ಮುಂದೆ ಅಡ್ವೆಂಚರ್ ಗೇಮ್ ಸ್ಟುಡಿಯೋ ಆಯಿತು. ಎಲ್ಲರೂ ಎಜಿಎಸ್ ಅನ್ನುತ್ತಾರೆ. ಅದು ಪುಕ್ಕಟೆ. ಅದರಲ್ಲಿ ಮಾಡಿದ 5 ಡೇಸ್ ಎ ಸ್ಟ್ರೇಂಜರ್ 2003ರಲ್ಲಿ ಬಂತು, ಇವತ್ತಿಗೂ ಜನ ಅದನ್ನು ಆಡುತ್ತಾರೆ. ಎಜಿಎಸ್ ಬಳಗದಲ್ಲಿ ಮ್ಯಾಗ್ಸ್ ಅನ್ನುವ ತಿಂಗಳ ಸ್ಪರ್ಧೆಯೂ ಇದೆ. ಒಂದು ವಿಷಯ ಕೊಡುತ್ತಾರೆ, ಆ ತಿಂಗಳೊಳಗೆ ಆಟ ಮುಗಿಸಬೇಕು. ಡೇವ್ ಗಿಲ್ಬರ್ಟ್ 2006ರಲ್ಲಿ ದಿ ಶಿವಾ ಮಾಡಿದ್ದು ಈ ಸ್ಪರ್ಧೆಗಾಗಿ. ಆಮೇಲೆ ಅದನ್ನೇ ತಿದ್ದಿ ಮಾರಿದರು, ಅಲ್ಲಿಂದ ಅವರ ಕಂಪನಿ ವಾಜೆಟ್ ಐ ಗೇಮ್ಸ್ ಬೆಳೆಯಿತು. ಈ ಪುಟದಲ್ಲಿ ಉದಾಹರಣೆಗಳು ಹೆಚ್ಚಾಗಿ ಎಜಿಎಸ್‌ನವು. ಆದರೆ ಯೂನಿಟಿ, ಗೋಡೋ, ವಿಷನೇರ್ ಥರದ ಬೇರೆ ಗೇಮ್ ಎಂಜಿನ್ (ಆಟ ಕಟ್ಟುವ ಸಾಫ್ಟ್‌ವೇರ್) ಯಾವುದರಲ್ಲಿ ಮಾಡಿದ ಆಟಕ್ಕೂ ಈ ಮಾತು ಹೊಂದುತ್ತದೆ.

ನನಗೆ ಕೋಡಿಂಗೂ ಬರಲ್ಲ, ಚಿತ್ರ ಬರೆಯೋಕೂ ಬರಲ್ಲ. ನನ್ನ ಮಾತಿಗೆ ಏನು ಬೆಲೆ?

ಮಾಡಿದವರ ಹತ್ತಿರ ಎಂದೂ ಇರದ ಒಂದು ವಸ್ತು ನಿಮ್ಮ ಹತ್ತಿರ ಇದೆ. ನಿಮಗೆ ಉತ್ತರ ಗೊತ್ತಿಲ್ಲ.

ಪಜಲ್ ಮಾಡಿದವರಿಗೆ ಉತ್ತರ ಮೊದಲೇ ಗೊತ್ತು. ಅವರು ಆಟವನ್ನು ಸಾವಿರ ಸಲ ಆಡಿರಬಹುದು. ಆದರೂ ಗೊತ್ತಿಲ್ಲದವರಾಗಿ ಒಂದು ಸಲವೂ ಆಡಲಾರರು. ನಮ್ಮ ಮನೆಗೆ ದಾರಿ ಹೇಳುವಾಗ ಹೊಸಬರು ಎಲ್ಲಿ ತಪ್ಪು ತಿರುವು ತಗೊಳ್ಳುತ್ತಾರೆ ಅಂತ ನಮಗೆ ಹೊಳೆಯುವುದೇ ಇಲ್ಲ, ಅಲ್ವಾ? ಇದೂ ಹಾಗೆಯೇ. ನೀವು ಎಲ್ಲಿ ನಿಂತಿರಿ, ಯಾವುದನ್ನು ಏನು ಅಂದುಕೊಂಡಿರಿ, ಯಾವ ಬಾಗಿಲನ್ನು ಗೋಡೆ ಅಂತ ಬಿಟ್ಟುಬಿಟ್ಟಿರಿ ಅನ್ನುವುದು ಅವರಿಗೆ ನಿಮ್ಮಿಂದ ಮಾತ್ರ ಸಿಗುವ ಮಾಹಿತಿ.

ಅದೂ ಒಂದೇ ಸಲ ಸಿಗುತ್ತದೆ. ಒಮ್ಮೆ ಉತ್ತರ ಗೊತ್ತಾದ ಮೇಲೆ ನೀವೂ ಹೊಸಬರಲ್ಲ. ಆದ್ದರಿಂದ ಮೊದಲ ಸಲದ ಆಟವನ್ನು ಜೋಪಾನವಾಗಿ ಬಳಸಿ. ಕೆಳಗೆ ಬರುವ ಮುಕ್ಕಾಲು ಉತ್ತರಗಳು ಇದರಿಂದಲೇ ಹುಟ್ಟಿದವು.

ಆಡಲು ಕೂರುವ ಮೊದಲು ಏನು ತಯಾರಿ ಬೇಕು?

ಒಂದು ಹಾಳೆ, ಒಂದು ಪೆನ್ನು. ಇದೇ ಮುಖ್ಯ. ಆಟ ಮುಗಿಸಿ ಆಮೇಲೆ ನೆನಪಿನಿಂದ ಬರೆದರಾಯಿತು ಅಂದುಕೊಳ್ಳಬೇಡಿ. ಉತ್ತರ ತಿಳಿದ ಕೂಡಲೇ ಹಿಂದಿನ ಗೊಂದಲ ಮರೆತುಹೋಗುತ್ತದೆ. "ಹೌದು, ಅದು ಸುಲಭವಾಗಿತ್ತು" ಅನಿಸಿಬಿಡುತ್ತದೆ. ಅರ್ಧ ಗಂಟೆ ಪರದಾಡಿದ್ದು ನೆನಪಲ್ಲಿ ಎರಡು ನಿಮಿಷವಾಗುತ್ತದೆ.

ಆಟದ ಆವೃತ್ತಿ ಸಂಖ್ಯೆ ಬರೆದುಕೊಳ್ಳಿ. ಹವ್ಯಾಸಿಗಳು ಬಿಡುಗಡೆಯಾದ ಮೊದಲ ವಾರದಲ್ಲೇ ಮೂರು ನಾಲ್ಕು ಸಲ ತಿದ್ದಿ ಹಾಕುವುದುಂಟು, ನೀವು ಹೇಳುವ ದೋಷ ಆಗಲೇ ಸರಿಹೋಗಿರಬಹುದು. ಸೆಟಪ್‌ನಲ್ಲಿ ವಿಂಡೋ ಮೋಡ್ ಇದ್ದರೆ ಅದನ್ನು ಆರಿಸಿ. ಪಕ್ಕದಲ್ಲೇ ಟಿಪ್ಪಣಿ ಬರೆಯಲು, ಸ್ಕ್ರೀನ್‌ಶಾಟ್ ತೆಗೆಯಲು ಅನುಕೂಲ. ಪದೇ ಪದೇ ಸೇವ್ ಮಾಡಿ, ಹೊಸ ಹೆಸರಿನಲ್ಲಿ ಮಾಡಿ. ಎಜಿಎಸ್ ಆಟಗಳಲ್ಲಿ ಸಾಮಾನ್ಯವಾಗಿ ಎಫ್5 ಒತ್ತಿದರೆ ಸೇವ್, ಎಫ್7 ಒತ್ತಿದರೆ ಹಳೆಯ ಸೇವ್ ತೆರೆಯುತ್ತದೆ.

ಮೊಬೈಲ್‌ನಲ್ಲಿ ಆಡಬಹುದಾ?

ಆಡಬಹುದು. ಸ್ಕಮ್‌ವಿಎಂ ಅನ್ನುವ ಪುಕ್ಕಟೆ ಆ್ಯಪ್ 2021ರಿಂದ ಎಷ್ಟೋ ಎಜಿಎಸ್ ಆಟಗಳನ್ನೂ ಓಡಿಸುತ್ತದೆ. ಆದರೆ ಅನಿಸಿಕೆಯಲ್ಲಿ ಆ ವಿಷಯ ಮೊದಲ ಸಾಲಲ್ಲೇ ಬರೆಯಿರಿ. ಬೆರಳಿಟ್ಟು ಆಡಿದಾಗ ಬರುವ ತೊಂದರೆ ಮೌಸ್ ಹಿಡಿದಾಗ ಬರುವ ತೊಂದರೆಗಿಂತ ಬೇರೆ.

ಸರಿ, ಏನು ಬರೆಯಲಿ? ಒಂದು ಮಾದರಿ ತೋರಿಸಿ.

ಒಂದು ಆಟ ಕಲ್ಪಿಸಿಕೊಳ್ಳೋಣ. ಹಳೇ ಬಂಗಲೆ, ಹಿತ್ತಲಲ್ಲಿ ಬಾವಿ. ಬಾವಿಯ ತಳದಲ್ಲಿ ಒಂದು ಬೀಗದ ಕೈ ಮಿನುಗುತ್ತಿದೆ. ನಿಮ್ಮ ಚೀಲದಲ್ಲಿ ಹಗ್ಗ, ಕೊಡೆ, ಅಯಸ್ಕಾಂತ ಇವೆ. ಮಾಡಿದವರ ಲೆಕ್ಕದಲ್ಲಿ ಉತ್ತರ ಹೀಗೆ: ಕೊಡೆಗೆ ಹಗ್ಗ ಕಟ್ಟಿ ಇಳಿಬಿಟ್ಟು, ಅದರ ಬಾಗಿದ ಹಿಡಿಯಿಂದ ಕೀಲಿ ಎತ್ತಬೇಕು. ಒಬ್ಬ ಆಟಗಾರ ಹೀಗೆ ಬರೆಯುತ್ತಾರೆ:

"ಬಾವಿ ಪಜಲ್ ತುಂಬಾ ಕಷ್ಟ. ಲಾಜಿಕ್ ಇಲ್ಲ."

ಇನ್ನೊಬ್ಬರು ಹೀಗೆ:

"ಬಾವಿ ಹತ್ತಿರ ಸುಮಾರು 20 ನಿಮಿಷ ನಿಂತೆ. ಕೀಲಿ ಅಂದರೆ ಕಬ್ಬಿಣದ್ದು ಅಂದುಕೊಂಡೆ. ಅದಕ್ಕೇ ಹಗ್ಗಕ್ಕೆ ಅಯಸ್ಕಾಂತ ಕಟ್ಟಲು ನೋಡಿದೆ. 'ಅದು ಆಗಲ್ಲ' ಅಂತ ಬಂತು. ಮತ್ತೆ ಅಯಸ್ಕಾಂತವನ್ನು ನೇರ ಬಾವಿಗೆ ಬಿಟ್ಟೆ. ಆಗಲೂ 'ಅದು ಆಗಲ್ಲ'. ಹಾಗಾದರೆ ಈ ಬಾವಿ ಈಗ ಬೇಡ, ಆಮೇಲೆ ಬರಬೇಕು ಅಂತ ತಿಳಿದು ಮೇಲಿನ ಮಹಡಿಗೆ ಹೋದೆ. ಕೊಡೆ ನನ್ನ ತಲೆಗೆ ಬರಲೇ ಇಲ್ಲ. ಚೀಲದ ಚಿತ್ರದಲ್ಲಿ ಅದರ ಹಿಡಿ ನೇರವಾಗಿ ಕಾಣುತ್ತೆ."

ಎರಡನೆಯದನ್ನು ಓದಿದ ಮಾಡಿದವರಿಗೆ ಎಷ್ಟು ಸಿಕ್ಕಿತು ನೋಡಿ. ಅವರ ಮನಸ್ಸಿನಲ್ಲಿ ಕೀಲಿ ಹಿತ್ತಾಳೆಯದು, ಆದರೆ ಆಟದಲ್ಲಿ ಎಲ್ಲೂ ಹಾಗೆ ಹೇಳಿಲ್ಲ. ಅಯಸ್ಕಾಂತದ ಯೋಚನೆ ಸರಿಯಾಗಿಯೇ ಇದೆ, ಅದಕ್ಕೊಂದು ಉತ್ತರ ಬರೆದಿಲ್ಲ. "ಆಗಲ್ಲ" ಅನ್ನುವ ಮಾತು ಆಟಗಾರರನ್ನು ಬಾವಿಯಿಂದಲೇ ದೂರ ಕಳಿಸಿತು. ಕೊಡೆಯ ಹಿಡಿ ಬಾಗಿದೆ ಅನ್ನುವುದು ಚಿಕ್ಕ ಚಿತ್ರದಲ್ಲಿ ಕಾಣುತ್ತಿಲ್ಲ. ಪಜಲ್ ಬದಲಿಸುವ ಅಗತ್ಯವೇ ಇಲ್ಲ. "ಹಿತ್ತಾಳೆಗೆ ಅಯಸ್ಕಾಂತ ಅಂಟಲ್ಲ, ಏನಾದರೂ ಕೊಕ್ಕೆ ಬೇಕು" ಅಂತ ಒಂದು ಸಾಲು ಬರೆದು, ಕೊಡೆಯ ಚಿತ್ರ ತಿದ್ದಿದರೆ ಮುಗಿಯಿತು. ಮೊದಲನೆಯ ಅನಿಸಿಕೆ ನಂಬಿದ್ದರೆ ಒಳ್ಳೆಯ ಪಜಲನ್ನೇ ತೆಗೆದುಹಾಕುತ್ತಿದ್ದರೋ ಏನೋ.

ಹೀಗಾಗಿ ಬರೆಯಬೇಕಾದದ್ದು ಇಷ್ಟು: ಎಲ್ಲಿದ್ದೆ, ಏನು ಮಾಡಲು ಹೊರಟಿದ್ದೆ, ಯಾಕೆ ಹಾಗೆ ಅಂದುಕೊಂಡೆ, ಏನು ಒತ್ತಿದೆ, ಆಟ ಏನು ಹೇಳಿತು, ಆಮೇಲೆ ಎಲ್ಲಿಗೆ ಹೋದೆ.

"ಅದು ಆಗಲ್ಲ" ಅನ್ನುವ ಸಿದ್ಧ ಉತ್ತರಗಳ ಬಗ್ಗೆ ದೂರು ಹೇಳುವುದು ಸಣ್ಣತನ ಅಲ್ವಾ?

ಖಂಡಿತ ಅಲ್ಲ. ಈ ಆಟಗಳ ಜೀವವೇ ಅಲ್ಲಿದೆ.

ಲೆಕ್ಕ ಹಾಕಿ ನೋಡಿ. ಚೀಲದಲ್ಲಿ 10 ವಸ್ತು, ಆಟದಲ್ಲಿ 50 ಕ್ಲಿಕ್ ಮಾಡುವ ಜಾಗ ಇದ್ದರೆ ಬರೀ ವಸ್ತು ಬಳಸಲು 500 ಜೋಡಿಗಳಾದವು. ಅಷ್ಟಕ್ಕೂ ಬೇರೆ ಬೇರೆ ಮಾತು ಬರೆಯಲು ಒಬ್ಬರ ಕೈಲಿ ಆಗದು. ಎಜಿಎಸ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಬೇರೆ ಉತ್ತರ ಬರೆಯದ ಎಲ್ಲ ಕ್ಲಿಕ್ಕುಗಳೂ ಒಂದೇ ಫಂಕ್ಷನ್‌ಗೆ ಹೋಗುತ್ತವೆ, ಅಲ್ಲಿರುವ ಸಿದ್ಧ ಮಾತು ಹೊರಗೆ ಬರುತ್ತದೆ.

ಸಮಸ್ಯೆ ಏನೆಂದರೆ, ಬುದ್ಧಿವಂತ ಪ್ರಯತ್ನಕ್ಕೂ ಅರ್ಥವಿಲ್ಲದ ಪ್ರಯತ್ನಕ್ಕೂ ಅದೇ ಮಾತು ಬರುತ್ತದೆ. ಮೀನನ್ನು ದೀಪದ ಕಂಬಕ್ಕೆ ಒತ್ತಿದರೆ "ಆಗಲ್ಲ" ಸಾಕು. ಬೀಗಕ್ಕೆ ಕಬ್ಬಿಣದ ಸಲಾಕೆ ಹಾಕಿದರೂ ಬರೀ "ಆಗಲ್ಲ" ಅಂದರೆ ಆಟಗಾರರು ಆಟದ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಇದು ಯೋಚನೆಗೆ ಬೆಲೆ ಕೊಡುವ ಆಟ ಅಲ್ಲ ಅನಿಸಿದ ಕ್ಷಣದಿಂದ ಅವರು ಯೋಚಿಸುವುದನ್ನು ಬಿಟ್ಟು, ಚೀಲದಲ್ಲಿದ್ದದ್ದನ್ನೆಲ್ಲ ಕಂಡದ್ದಕ್ಕೆಲ್ಲ ಉಜ್ಜಲು ಶುರು ಮಾಡುತ್ತಾರೆ.

ಇಂಥ ಜೋಡಿಗಳ ಪಟ್ಟಿಯೇ ನೀವು ಕೊಡಬಹುದಾದ ದೊಡ್ಡ ಉಡುಗೊರೆ. "ಸಲಾಕೆಯನ್ನು ಬೀಗಕ್ಕೆ. ಬಕೆಟ್ಟನ್ನು ನಲ್ಲಿಗೆ. ಕಾಗದವನ್ನು ಒಲೆಗೆ. ಈ ಮೂರಕ್ಕೂ ಏನಾದರೂ ಉತ್ತರ ಬರುತ್ತೆ ಅಂದುಕೊಂಡಿದ್ದೆ." ಒಂದೊಂದಕ್ಕೂ ಒಂದು ಸಾಲು ಸೇರಿಸಲು ಅವರಿಗೆ ಕೆಲವು ನಿಮಿಷ ಸಾಕು. ನಾಳೆ ಅದೇ ಆಟ ಆಡುವ ಇನ್ನೊಬ್ಬರಿಗೆ ಯಾರೋ ತನ್ನ ಮನಸ್ಸು ಓದಿದ್ದಾರೆ ಅನಿಸುತ್ತದೆ. ಹಳೆಯ ಒಳ್ಳೆಯ ಆಟಗಳನ್ನು ಆಡಿದಾಗ ಆಗುವ ಖುಷಿಯ ಒಂದು ದೊಡ್ಡ ಪಾಲು ಇದೇ.

ಸಿಕ್ಕಿಹಾಕಿಕೊಂಡಿದ್ದೇನೆ. ವಾಕ್‌ಥ್ರೂ (ಉತ್ತರಗಳನ್ನು ಹಂತ ಹಂತವಾಗಿ ಹೇಳುವ ಬರಹ) ನೋಡಲಾ?

ನೋಡಿ, ಆದರೆ ನೋಡುವ ಮೊದಲು ಐದು ನಿಮಿಷ ಬರೆಯಿರಿ. ಈಗ ನನ್ನ ಗುರಿ ಏನು? ಯಾವುದು ಅಡ್ಡ ಬಂದಿದೆ? ಏನೇನು ಪ್ರಯತ್ನಿಸಿದೆ? ಮುಂದೆ ಏನಾಗಬೇಕು ಅಂತ ನನ್ನ ಊಹೆ?

ಇವುಗಳಲ್ಲಿ "ಗುರಿ ಏನು" ಅನ್ನುವುದಕ್ಕೇ ಉತ್ತರ ಬರದಿದ್ದರೆ, ಅದು ತುಂಬಾ ಮುಖ್ಯವಾದ ಸುಳಿವು. ಪಜಲ್ ಕಷ್ಟ ಅಂತಲ್ಲ, ಪಜಲ್ ಇದೆ ಅಂತಲೇ ನಿಮಗೆ ಗೊತ್ತಾಗಿಲ್ಲ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಆಮೇಲೆ ಉತ್ತರ ನೋಡಿ. ನೋಡಿದ ಕೂಡಲೇ ಮೊದಲು ಬಂದ ಭಾವನೆಯನ್ನೂ ಬರೆದುಕೊಳ್ಳಿ. "ಅಯ್ಯೋ, ಹೊಳೆಯಬೇಕಿತ್ತು" ಅನಿಸಿತಾ? "ಇದನ್ನು ಯಾರು ಊಹಿಸಲು ಸಾಧ್ಯ?" ಅನಿಸಿತಾ? ಈ ಎರಡರ ನಡುವಿನ ವ್ಯತ್ಯಾಸ ಮಾಡಿದವರಿಗೆ ಬಂಗಾರ. ಒಮ್ಮೆ ನೋಡಿದ ಮೇಲೆ ಮುಂದಿನ ಪಜಲ್‌ಗೂ ನೋಡಬೇಕು ಅನಿಸುತ್ತದೆ. ಹಾಗಾದರೆ ಅದನ್ನೂ ಹೇಳಿ: "ಇಲ್ಲಿಂದ ಮುಂದೆ ವಾಕ್‌ಥ್ರೂ ಹಿಡಿದೇ ಆಡಿದೆ."

ಪಜಲ್ ಕಷ್ಟವಾಗಿದೆ ಅನ್ನುವುದಕ್ಕೂ ಅನ್ಯಾಯವಾಗಿದೆ ಅನ್ನುವುದಕ್ಕೂ ಏನು ವ್ಯತ್ಯಾಸ?

ಉತ್ತರ ತಿಳಿದ ಮೇಲೆ ಹಿಂದಿನ ಸುಳಿವುಗಳೆಲ್ಲ ಕೂಡಿಬಂದರೆ ಅದು ಕಷ್ಟದ ಪಜಲ್. ತಿಳಿದ ಮೇಲೂ ಕೂಡಿಬರದಿದ್ದರೆ ಅನ್ಯಾಯದ್ದು.

ದೊಡ್ಡ ಸ್ಟುಡಿಯೋಗಳೂ ಇಲ್ಲಿ ಎಡವಿವೆ. 1999ರ ಗೇಬ್ರಿಯಲ್ ನೈಟ್ 3ರಲ್ಲಿ ಬೈಕ್ ಬಾಡಿಗೆಗೆ ಪಡೆಯಲು ಗೆಳೆಯನ ಹಾಗೆ ವೇಷ ಹಾಕಬೇಕು. ಅದಕ್ಕೆ ಟೇಪ್ ಅಂಟಿಸಿ ಬೆಕ್ಕಿನ ಕೂದಲು ಸಂಗ್ರಹಿಸಿ ಮೀಸೆ ಮಾಡಬೇಕು. ಆದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟ್ ಫೋಟೋಗೂ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಇಂದಿಗೂ ಅನ್ಯಾಯದ ಪಜಲ್ ಅಂದ ಕೂಡಲೇ ಜನ ಇದನ್ನೇ ನೆನೆಯುತ್ತಾರೆ. ಒಂದೊಂದು ಹೆಜ್ಜೆಯೂ ಮಾಡಬಹುದಾದದ್ದೇ, ಆದರೆ ಆ ಹೆಜ್ಜೆ ಇಡಬೇಕು ಅನ್ನಿಸಲು ಕಾರಣವೇ ಇಲ್ಲ.

ಇನ್ನೊಂದು ಬಗೆಯ ಅನ್ಯಾಯ ಇದೆ, ಇದು ಹೆಚ್ಚು ನೋವು ಕೊಡುತ್ತದೆ. 1990ರ ಕಿಂಗ್ಸ್ ಕ್ವೆಸ್ಟ್ 5ರಲ್ಲಿ ನಿಮ್ಮ ಹತ್ತಿರ ಒಂದು ಕಡುಬು ಇರುತ್ತದೆ. ಹಸಿವಾದಾಗ ಅದನ್ನು ತಿಂದರೆ ಆಟ ಏನೂ ಹೇಳದೆ ಮುಂದೆ ಹೋಗುತ್ತದೆ. ಮುಂದೆ ಹಿಮಮಾನವ ಎದುರಾದಾಗ ಅವನ ಮುಖಕ್ಕೆ ಎಸೆಯಲು ಅದೇ ಕಡುಬು ಬೇಕು. ತಿಂದಿದ್ದರೆ ಆಟ ಅಲ್ಲಿಗೇ ನಿಂತಿತು, ಗೆಲ್ಲುವ ದಾರಿಯೇ ಇಲ್ಲ. ಇಂಥ ಮುಚ್ಚಿದ ದಾರಿಗಳ ವಿರುದ್ಧ ಮಂಕಿ ಐಲೆಂಡ್ ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನ ಬರೆದಿದ್ದರು. ಆಟಗಾರರು ಮುಂದೇನಾಗುತ್ತದೆ ಅಂತ ಗೊತ್ತಿಲ್ಲದೆ ಮಾಡಿದ ಕೆಲಸಕ್ಕೆ ಅವರನ್ನು ಶಿಕ್ಷಿಸಬಾರದು ಅನ್ನುವುದು ಅವರ ವಾದದ ಒಂದು ಭಾಗ. ನನಗೂ ಅದು ಪೂರ್ತಿ ಸರಿ ಅನಿಸುತ್ತದೆ.

ಹವ್ಯಾಸಿಗಳ ಆಟದಲ್ಲಿ ಇಂಥ ದಾರಿ ಮುಚ್ಚುವುದು ಬಹುಪಾಲು ಗೊತ್ತಿಲ್ಲದೆ ಆಗುತ್ತದೆ. ವಸ್ತು ಎತ್ತಿಕೊಳ್ಳುವ ಮೊದಲೇ ಕೋಣೆ ಬಿಟ್ಟರೆ ಬಾಗಿಲು ಮುಚ್ಚಿಕೊಂಡುಬಿಡುತ್ತದೆ, ಒಬ್ಬರ ಜೊತೆ ಮಾತು ಮುಗಿಸಿದರೆ ಅವರು ಮತ್ತೆ ಸಿಗುವುದಿಲ್ಲ. ನಿಮಗೆ ಹೀಗಾಗಿದೆ ಅಂತ ಅನುಮಾನ ಬಂದರೂ ಸಾಕು, ಬರೆಯಿರಿ. ಆ ಹೊತ್ತಿನ ಸೇವ್ ಫೈಲ್ ಜೊತೆಗೆ ಕಳಿಸಿ.

ಒಂದು ಸಣ್ಣ ವಸ್ತು ಕಣ್ಣಿಗೇ ಬೀಳಲಿಲ್ಲ. ಅದು ನನ್ನ ತಪ್ಪಾ, ಆಟದ ತಪ್ಪಾ?

ಅದನ್ನು ತೀರ್ಮಾನಿಸುವ ಜವಾಬ್ದಾರಿ ನಿಮ್ಮದಲ್ಲ. ಕಾಣಲಿಲ್ಲ ಅಂತ ಬರೆಯಿರಿ. ಹಳೆಯ ಶೈಲಿಯ 320×200 ಚಿತ್ರದಲ್ಲಿ ಒಂದು ಕೀಲಿ ಅಂದರೆ ನಾಲ್ಕೈದು ಚುಕ್ಕಿ ಅಷ್ಟೇ. ಸ್ಕ್ರೀನ್‌ಶಾಟ್ ತೆಗೆದು, ನೀವು ಏನನ್ನು ಏನು ಅಂದುಕೊಂಡಿರಿ ಅಂತ ಗುರುತು ಹಾಕಿ. "ಇದು ಕಲ್ಲು ಅಂದುಕೊಂಡೆ, ಪರ್ಸ್ ಅಂತ ಆಮೇಲೆ ಗೊತ್ತಾಯಿತು." ಕ್ಲಿಕ್ ಮಾಡುವ ಜಾಗಗಳನ್ನೆಲ್ಲ ತೋರಿಸುವ ಗುಂಡಿ ಆಟದಲ್ಲಿ ಇತ್ತಾ, ನೀವು ಅದನ್ನು ಬಳಸಿದಿರಾ ಅನ್ನುವುದನ್ನೂ ಹೇಳಿ.

ಕೆಂಪು ಹಸಿರು ಬಣ್ಣ ಗುರುತಿಸಲು ನಿಮಗೆ ಕಷ್ಟವಾದರೆ, ಬಣ್ಣದ ವೈರ್ ಕತ್ತರಿಸುವಂಥ ಪಜಲ್‌ಗಳ ಬಗ್ಗೆ ತಪ್ಪದೆ ಬರೆಯಿರಿ. ಮಾಡಿದವರಿಗೆ ಅದು ಹೊಳೆದೇ ಇರುವುದಿಲ್ಲ.

ಆಟ ಮಧ್ಯದಲ್ಲೇ ಕ್ರ್ಯಾಶ್ ಆಯಿತು. ಏನು ಕಳಿಸಲಿ?

ಎಜಿಎಸ್ ಆಟ ಬಿದ್ದಾಗ ಒಂದು ದೋಷದ ಪೆಟ್ಟಿಗೆ ತೆರೆಯುತ್ತದೆ. ಅದನ್ನು ಮುಚ್ಚಬೇಡಿ. ಮೊದಲು ಫೋಟೋ ತೆಗೆಯಿರಿ, ಮೊಬೈಲ್‌ನಲ್ಲಾದರೂ ಸರಿ. ಅದರಲ್ಲಿ ಸ್ಕ್ರಿಪ್ಟ್ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಇರುತ್ತದೆ, "ರೂಮ್12, ಸಾಲು 48" ಅನ್ನುವ ಥರ. ನಿಮಗೆ ಅದು ಅರ್ಥವಾಗದ ಸಾಲು. ಮಾಡಿದವರಿಗೆ ದೋಷ ಎಲ್ಲಿದೆ ಅನ್ನುವ ವಿಳಾಸ.

ಜೊತೆಗೆ ಬೀಳುವ ಮುಂಚಿನ ಎರಡು ಮೂರು ಕ್ಲಿಕ್ ಏನು ಅಂತ ಬರೆಯಿರಿ. ಅದನ್ನೇ ಮತ್ತೆ ಮಾಡಿದರೆ ಮತ್ತೆ ಬೀಳುತ್ತಾ ನೋಡಿ. ಯಾವಾಗಲೂ ಬೀಳುವ ದೋಷವನ್ನು ಹಿಡಿಯುವುದು ಸುಲಭ, ಒಮ್ಮೊಮ್ಮೆ ಬೀಳುವುದು ಬಹಳ ಕಾಡುತ್ತದೆ. ಸೇವ್ ಫೈಲ್‌ಗಳು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸೇವ್ಡ್ ಗೇಮ್ಸ್ ಫೋಲ್ಡರಿನಲ್ಲಿ ಆಟದ ಹೆಸರಿನಡಿ ಇರುತ್ತವೆ. ಒಂದು ಎಚ್ಚರಿಕೆ: ಹೊಸ ಆವೃತ್ತಿ ಬಂದ ಮೇಲೆ ಹಳೆಯ ಸೇವ್ ಎಷ್ಟೋ ಸಲ ತೆರೆಯುವುದಿಲ್ಲ. ಹಾಗಾಗಿ ಅರ್ಧ ಆಟದಲ್ಲಿರುವಾಗ ಹೊಸದನ್ನು ಹಳೆಯದರ ಮೇಲೆ ಹಾಕಬೇಡಿ, ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಕ್ರ್ಯಾಶ್ ಅಲ್ಲದ ದೋಷಗಳೂ ಇವೆ. ಪಾತ್ರ ಮೇಜಿನ ಹಿಂದೆ ಹೋಗುವ ಬದಲು ಮೇಲೆ ನಡೆಯುವುದು, ಗೋಡೆಯೊಳಗೆ ಸಿಕ್ಕಿಕೊಳ್ಳುವುದು, ಸತ್ತವರ ಬಗ್ಗೆ ಬದುಕಿದ್ದಾರೆ ಅನ್ನುವ ಹಾಗೆ ಇನ್ನೊಬ್ಬರು ಮಾತಾಡುವುದು. ಇವಕ್ಕೆ ಒಂದು ಸ್ಕ್ರೀನ್‌ಶಾಟ್, ಒಂದು ಸಾಲು ಸಾಕು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಬರೆಯಲು ಹಿಂಜರಿಕೆ.

ಬರೆಯಿರಿ, ದಯವಿಟ್ಟು ಬರೆಯಿರಿ. ಈ ಬಳಗದಲ್ಲಿ ಆಟ ಮಾಡುವವರಲ್ಲೇ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಚಿಕ್ಕ ಚಿಕ್ಕ ವಾಕ್ಯ ಸಾಕು. ವ್ಯಾಕರಣ ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಷ್ಟೇ ಅಲ್ಲ, ನಮ್ಮಂಥವರಿಗೆ ಮಾತ್ರ ಕಾಣುವ ತೊಂದರೆಗಳಿವೆ. 1991ರ ಮಂಕಿ ಐಲೆಂಡ್ 2ರಲ್ಲಿ ಒಂದು ಕೋತಿಯನ್ನು ಸ್ಪ್ಯಾನರ್ ಥರ ಬಳಸಿ ಪಂಪ್ ತಿರುಗಿಸಬೇಕು. ಒಂದು ಬಗೆಯ ಸ್ಪ್ಯಾನರ್‌ಗೆ ಅಮೆರಿಕದವರು ಮಂಕಿ ರೆಂಚ್ ಅನ್ನುತ್ತಾರೆ, ಮಂಕಿ ಅಂದರೆ ಕೋತಿ. ಪಜಲ್ ಪೂರ್ತಿ ಅದರ ಮೇಲೆ ನಿಂತಿದೆ. ಆ ಹೆಸರು ಬಳಸದ ದೇಶಗಳ ಆಟಗಾರರು ಅಲ್ಲೇ ನಿಂತುಹೋದರು. ಮೈಸೂರಿನಲ್ಲೋ ಮಸ್ಕತ್‌ನಲ್ಲೋ ಕೂತು ಆಡುವ ಕನ್ನಡಿಗರೊಬ್ಬರು "ಈ ಪಜಲ್ ನಿಮ್ಮ ನುಡಿಗಟ್ಟು ಗೊತ್ತಿಲ್ಲದವರಿಗೆ ಬಿಡಿಸಲು ಬರಲ್ಲ" ಅಂತ ಬರೆದರೆ, ಮಾಡಿದವರ ಪಕ್ಕದ ಮನೆಯವರು ಹೇಳಲಾಗದ್ದನ್ನು ಹೇಳಿದಂತೆ.

ಇನ್ನೊಂದು, ಮಾತಿನ ವೇಗ. ಪಾತ್ರಗಳ ಮಾತು ತಲೆಯ ಮೇಲೆ ಮೂಡಿ, ಸಾಲಿನ ಉದ್ದಕ್ಕೆ ತಕ್ಕಷ್ಟು ಹೊತ್ತು ನಿಂತು ಮಾಯವಾಗುತ್ತದೆ. ಆ ಹೊತ್ತನ್ನು ಮಾಡಿದವರು ತಮ್ಮ ಓದಿನ ವೇಗಕ್ಕೆ ಹೊಂದಿಸಿರುತ್ತಾರೆ, ಅದೂ ತಾವೇ ಬರೆದ ಸಾಲನ್ನು ಓದುವ ವೇಗಕ್ಕೆ. ಓದಿ ಮುಗಿಸುವ ಮೊದಲೇ ಹೋಯಿತು ಅನಿಸಿದರೆ ಹೇಳಿ. ವೇಗ ಬದಲಿಸುವ ಒಂದು ಸೌಲಭ್ಯ ಸೇರಿಸುವುದು ದೊಡ್ಡ ಕೆಲಸವೇನಲ್ಲ.

ಪಜಲ್‌ಗೆ ನಾನೇ ಒಂದು ಪರಿಹಾರ ಸೂಚಿಸಲಾ?

ಮೊದಲು ತೊಂದರೆ ಬರೆಯಿರಿ. ಪರಿಹಾರ ಕೊನೆಯಲ್ಲಿ, ಒಂದೇ ಸಾಲಿನಲ್ಲಿ, ಬೇಕಿದ್ದರೆ ಮಾತ್ರ. ತೊಂದರೆ ಹೇಳದೆ "ಇಲ್ಲಿ ಒಬ್ಬ ಮುದುಕನನ್ನು ಇಡಿ, ಅವನು ಸುಳಿವು ಕೊಡಲಿ" ಅಂತಷ್ಟೇ ಬರೆದರೆ ಏನು ಎಡವಟ್ಟಾಗಿದೆ ಅಂತ ಅವರು ಊಹಿಸಬೇಕಾಗುತ್ತದೆ. ಒಬ್ಬ ಮುದುಕ ಅಂದರೆ ಅವರಿಗೆ ಹೊಸ ಚಿತ್ರ, ನಡಿಗೆ, ಸಂಭಾಷಣೆ ಎಲ್ಲ ಸೇರಿ ವಾರಗಳ ಕೆಲಸ. ಅದೇ ತೊಂದರೆಯನ್ನು ಅವರು ಒಂದು ಸಾಲಿನಲ್ಲಿ ಬಗೆಹರಿಸಬಲ್ಲರು.

ಚಿತ್ರಗಳು ಚೆನ್ನಾಗಿಲ್ಲ ಅಂತ ಹೇಳಬಹುದಾ?

ಆಟಕ್ಕೆ ಅಡ್ಡಿಯಾದ ಕಡೆ ಹೇಳಿ. ಬಾಗಿಲು ಬಾಗಿಲಿನ ಹಾಗೆ ಕಾಣುತ್ತಿಲ್ಲ, ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಎರಡು ಪಾತ್ರ ಒಂದೇ ಥರ ಇವೆ. ಬರೀ "ಚೆನ್ನಾಗಿಲ್ಲ" ಅಂದರೆ ಅವರು ಏನೂ ಮಾಡಲಾಗದು. ಕಲೆಗಾರರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದೆ ತಾವೇ ಕಲಿತು ಬರೆದವರು ಅವರು.

ಎಲ್ಲ ಇಷ್ಟವಾಯಿತು. "ಸೂಪರ್" ಅಂತ ಬರೆದರೆ ಸಾಕಾ?

ಏನೂ ಬರೆಯದೆ ಇರುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಇನ್ನೊಂದು ಸಾಲು ಸೇರಿಸಿ: ಯಾವುದು ಸೂಪರ್? ಕಾರಣ ಇದೆ. ಬೇರೆಯವರು ದೂರು ಹೇಳಿದಾಗ ಮಾಡಿದವರು ಏನನ್ನೋ ತೆಗೆಯಲು ಹೊರಡುತ್ತಾರೆ. "ಅಡುಗೆಮನೆಯ ಅಜ್ಜಿಯ ಮಾತುಗಳನ್ನು ಒಂದೂ ಬಿಡದೆ ಕೇಳಿದೆ" ಅಂತ ನೀವು ಬರೆದಿದ್ದರೆ ಅಜ್ಜಿ ಉಳಿಯುತ್ತಾರೆ. ಮೆಚ್ಚಿಕೆ ಬರೀ ಸಂತೋಷಪಡಿಸಲು ಅಲ್ಲ, ಯಾವುದನ್ನು ಮುಟ್ಟಬಾರದು ಅಂತ ತಿಳಿಸಲು ಕೂಡ.

ಯಾವ ಪಜಲನ್ನು ಬಿಡಿಸಿದಾಗ ಜಾಣರಾದ ಹಾಗೆ ಅನಿಸಿತು ಅಂತಲೂ ಬರೆಯಿರಿ. ಅಂಥ ಕ್ಷಣಕ್ಕಾಗಿಯೇ ಅವರು ಅಷ್ಟೂ ರಾತ್ರಿ ಕೂತದ್ದು.

ಅರ್ಧಕ್ಕೇ ಬಿಟ್ಟೆ. ಪೂರ್ತಿ ಆಡದೆ ಬರೆಯುವುದು ಸರಿಯಾ?

ಸರಿ. ಬಿಟ್ಟವರು ಸಾಮಾನ್ಯವಾಗಿ ಏನೂ ಬರೆಯುವುದಿಲ್ಲ. ಹಾಗಾಗಿ ಮುಗಿಸಿದವರ ಅನಿಸಿಕೆ ಮಾತ್ರ ತಲುಪಿ, ಆಟ ಎಲ್ಲರಿಗೂ ಸಲೀಸಾಗಿದೆ ಅನ್ನುವ ಭಾವನೆ ಬರುತ್ತದೆ. ಎಲ್ಲಿ ಬಿಟ್ಟಿರಿ, ಆಗ ಏನು ಮಾಡುತ್ತಿದ್ದಿರಿ, ಮತ್ತೆ ತೆರೆಯಲು ಮನಸ್ಸು ಯಾಕೆ ಬರಲಿಲ್ಲ ಅಂತ ಮೂರು ಸಾಲು ಬರೆಯಿರಿ. ಮುಗಿಸಿಲ್ಲ ಅನ್ನುವುದನ್ನು ಮೊದಲೇ ಹೇಳಿ. ನೋಡದ ಕೊನೆಯ ಬಗ್ಗೆ ತೀರ್ಪು ಬೇಡ.

ಒಂದು ತಿಂಗಳಲ್ಲಿ ಮಾಡಿದ ಸ್ಪರ್ಧೆಯ ಆಟಕ್ಕೂ ಇಷ್ಟು ಉದ್ದ ಬೇಕಾ?

ಬೇಡ. ಆ ಆಟ ಹಲವು ಸಲ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮಾಡಿದವರು ಮುಂದಿನದಕ್ಕೆ ಹೋಗಿರುತ್ತಾರೆ. ಚಿಕ್ಕ ಚಿಕ್ಕ ಕೊರತೆಗಳ ಪಟ್ಟಿ ಅವರಿಗೂ ಗೊತ್ತಿರುತ್ತದೆ. ಇದನ್ನು ಬೆಳೆಸಿದರೆ ಆಡುತ್ತೀರಾ, ಯಾವ ಭಾಗ ಬೆಳೆಯಬೇಕು ಅನ್ನುವುದನ್ನು ಬರೆಯಿರಿ. ದಿ ಶಿವಾ ಹಾಗೆಯೇ ಬೆಳೆದದ್ದು.

ಎಲ್ಲರಿಗೂ ಕಾಣುವ ಹಾಗೆ ಬರೆಯಲಾ, ಅವರಿಗೆ ಮಾತ್ರ ಕಳಿಸಲಾ?

ಮೆಚ್ಚಿಕೆ ಎಲ್ಲರಿಗೂ ಕಾಣಲಿ. ದೋಷಗಳ ಪಟ್ಟಿ ಅವರಿಗೆ ನೇರ ಹೋಗಲಿ. ಪಜಲ್‌ನ ಉತ್ತರ ಎಲ್ಲರ ಮುಂದೆ ಇಡಬೇಡಿ, ಇನ್ನೊಬ್ಬರ ಮೊದಲ ಸಲದ ಆಟ ಹಾಳಾಗುತ್ತದೆ.

ಬರೆದೆ, ಉತ್ತರವೇ ಬರಲಿಲ್ಲ. ಇನ್ನೊಬ್ಬರು ವಾದಕ್ಕೇ ಬಂದರು. ಏನು ಮಾಡಲಿ?

ಮೌನಕ್ಕೆ ಬೇಸರ ಬೇಡ. ಓದಿರುತ್ತಾರೆ. ಕೆಲವು ಸಲ ಹೊಸ ಆವೃತ್ತಿ ಬಂದಾಗ ನಿಮ್ಮ ಸಾಲು ಅದರಲ್ಲಿ ಸರಿಹೋಗಿರುವುದು ಕಾಣುತ್ತದೆ.

ವಾದಕ್ಕೆ ಬಂದವರಿಗೆ ವಾದದಿಂದ ಉತ್ತರಿಸಬೇಡಿ. "ಸುಳಿವು ಇತ್ತಲ್ಲ, ನೀವು ಗಮನಿಸಿಲ್ಲ" ಅಂದರೆ "ಹೌದು, ನನ್ನ ಕಣ್ಣಿಗೆ ಬೀಳಲಿಲ್ಲ" ಅಂತ ಹೇಳಿ ನಿಲ್ಲಿಸಿ. ನಿಮಗೆ ಆದ ಅನುಭವ ಆದದ್ದೇ, ಅದನ್ನು ಗೆಲ್ಲಿಸಬೇಕಾಗಿಲ್ಲ. ತಿದ್ದುವುದು ಬಿಡುವುದು ಅವರಿಗೆ ಸೇರಿದ್ದು. ಹತ್ತು ಜನ ಕಷ್ಟ ಅಂದರೂ ಆ ಪಜಲ್ ಹಾಗೇ ಇರಲಿ ಅನ್ನುವ ಹಕ್ಕು ಅವರಿಗಿದೆ.

ನನ್ನ ಗೆಳೆಯರು ಕನ್ನಡದಲ್ಲೇ ಒಂದು ಆಟ ಮಾಡುತ್ತಿದ್ದಾರೆ. ಹೆಚ್ಚಾಗಿ ಏನನ್ನು ಗಮನಿಸಲಿ?

ಮೊದಲು ಒತ್ತಕ್ಷರ. ಗೇಮ್ ಎಂಜಿನ್‌ಗಳಲ್ಲಿ ಕನ್ನಡ ಅಕ್ಷರ ಬಂದರೂ ಒತ್ತು, ಗುಣಿತ ಸರಿಯಾಗಿ ಕೂರದೆ ಬಿಡಿಬಿಡಿಯಾಗಿ ಬೀಳುವುದುಂಟು. ಗೋಡೋ ಎಂಜಿನ್‌ನಲ್ಲಿ 2023ರ 4ನೇ ಆವೃತ್ತಿಯಿಂದ ನಮ್ಮಂಥ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಬಂದಿದೆ. ಆದರೂ ಪ್ರತಿ ಪರದೆಯನ್ನೂ ಕಣ್ಣಿಟ್ಟು ನೋಡಿ. ಸಾಲಿನ ಕೊನೆಯಲ್ಲಿ ಪದ ಎಲ್ಲಿ ಮುರಿಯುತ್ತದೆ ನೋಡಿ. ನಮ್ಮ ಪದಗಳು ಉದ್ದ, ಇಂಗ್ಲಿಷ್‌ಗೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.

ಆಮೇಲೆ ಮಾತು. ಪಾತ್ರಗಳ ಮಾತನ್ನು ಗಟ್ಟಿಯಾಗಿ ಓದಿ. ಧಾರವಾಡದ ಅಂಗಡಿಯವರು ಮಂಡ್ಯದವರ ಹಾಗೆ ಮಾತಾಡಿದರೆ ಹೇಳಿ. ಪುಟ್ಟ ಹುಡುಗ ಅಜ್ಜನನ್ನು "ನೀನು" ಅನ್ನುತ್ತಾನಾ "ನೀವು" ಅನ್ನುತ್ತಾನಾ ಅನ್ನುವುದು ಮನೆಯಿಂದ ಮನೆಗೆ ಬೇರೆ. ಆದರೆ ಒಂದೇ ಆಟದಲ್ಲಿ ಎರಡೂ ಬಂದರೆ ಕಿವಿಗೆ ಚುಚ್ಚುತ್ತದೆ.

ಆಗುವುದಾದರೆ ಅವರ ಎದುರಿಗೇ ಕೂತು ಆಡಿ, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಆಡಿ. ಗೆಳೆಯರಿಗೆ ಒಂದೇ ಷರತ್ತು: ಬಾಯಿ ಬಿಡಬಾರದು. ನೀವು ತಪ್ಪು ಬಾಗಿಲ ಮುಂದೆ ಹತ್ತು ನಿಮಿಷ ನಿಂತರೂ "ಅದಲ್ಲ, ಪಕ್ಕದ್ದು" ಅನ್ನಬಾರದು. ಅವರಿಗೆ ಇದು ತುಂಬಾ ಕಷ್ಟ. ಆದರೆ ಆ ಹತ್ತು ನಿಮಿಷದಲ್ಲಿ ಅವರು ಕಲಿಯುವಷ್ಟು ಯಾವ ಪತ್ರದಿಂದಲೂ ಕಲಿಯಲಾರರು.

ಎಲ್ಲಿಂದ ಶುರು ಮಾಡಲಿ?

ಎಜಿಎಸ್‌ನ ಸ್ವಂತ ತಾಣದಲ್ಲಿ ಆಟಗಳ ದೊಡ್ಡ ಪಟ್ಟಿ ಇದೆ, ಬಹಳಷ್ಟು ಪುಕ್ಕಟೆ. ಹವ್ಯಾಸಿಗಳು ಆಟ ಹಾಕುವ ಇಚ್ ಡಾಟ್ ಐಒ ತಾಣದಲ್ಲೂ ಪಾಯಿಂಟ್ ಅಂಡ್ ಕ್ಲಿಕ್ ಅಂತ ಹುಡುಕಿದರೆ ರಾಶಿ ಸಿಗುತ್ತವೆ. ಹೆಸರು ಮಾಡಿದ ಆಟದ ಬದಲು ಇತ್ತೀಚೆಗೆ ಬಂದ, ಇನ್ನೂ ಯಾರೂ ಏನೂ ಬರೆಯದ ಒಂದು ಚಿಕ್ಕ ಆಟ ಆರಿಸಿ. ಒಂದು ಗಂಟೆಯೊಳಗೆ ಮುಗಿಯುವಂಥದ್ದಾದರೆ ಒಳ್ಳೆಯದು. ಅದನ್ನು ಮಾಡಿದವರು ಬಿಡುಗಡೆ ಮಾಡಿ, ಯಾರಾದರೂ ಏನಾದರೂ ಹೇಳಲಿ ಅಂತ ಈಗಲೂ ಪುಟ ತೆರೆದು ತೆರೆದು ನೋಡುತ್ತಿರುತ್ತಾರೆ.